ಹೊರಡುವವರಿಗಾಗಿ ಕಟ್ಟಿದ ಸೇನೆ

2021ರ ಆಗಸ್ಟ್ 15ರಂದು ಕಾಬೂಲ್ ನಗರ ತಾಲಿಬಾನ್‌ನ ವಶವಾಯಿತು. ಮರುದಿನ ಅಂದಿನ ಅಮೇರಿಕನ್ ಅಧ್ಯಕ್ಷ ಜೋ ಬೈಡನ್ ತನ್ನ ದೇಶವನ್ನುದ್ದೇಶಿಸಿ ಮಾತಾಡಿದರು. ಅಫಘಾನ್ ಪಡೆಗಳು ತಮಗಾಗಿ ತಾವೇ ಹೋರಾಡಲು ಸಿದ್ಧವಿಲ್ಲದ ಯುದ್ಧವೊಂದರಲ್ಲಿ ಅಮೇರಿಕದ ಯೋಧರು ಪ್ರಾಣ ಕೊಡಬೇಕಾದ ಅಗತ್ಯವಿಲ್ಲ. ನಾವು ಅವರಿಗೆ ಸಂಬಳ ಕೊಟ್ಟೆವು, ಆಯುಧ ಕೊಟ್ಟೆವು, ಹೋರಾಡುವ ಇಚ್ಛೆಯೊಂದನ್ನು ಕೊಡಲು ಮಾತ್ರ ನಮ್ಮಿಂದಾಗಲಿಲ್ಲ ಎಂಬುದು ಆ ಭಾಷಣದ ಸಾರವಾಗಿತ್ತು. ಅದಕ್ಕೂ ಐದು ವಾರಗಳ ಮುಂಚೆ, ಜುಲೈ 8ರಂದು, ಇದೇ ಬೈಡನ್ ಅದೇ ಸೇನೆಯನ್ನು ಹೊಗಳಿದ್ದರು. ಜಗತ್ತಿನ ಯಾವುದೇ ಸೇನೆಗೆ ಸರಿಸಮನಾಗಿ ಸಜ್ಜುಗೊಂಡ ಮೂರು ಲಕ್ಷ ಮಂದಿಯ ಪಡೆ ಅವರಲ್ಲಿದೆ, ಎದುರಿಗಿರುವ ತಾಲಿಬಾನ್ ಕೇವಲ 75 ಸಾವಿರ ಎಂದಿದ್ದರು. ಐದೇ ವಾರಗಳಲ್ಲಿ ಹೊಗಳಿಕೆ ಹೋಗಿ ಬೈಗುಳ ಬಂತು. ಜಗತ್ತು ಎರಡನೆಯ ಮಾತನ್ನಷ್ಟೇ ನೆನಪಿಟ್ಟುಕೊಂಡಿತು. ಇಂದಿಗೂ ಅಫಘಾನ್ ಸೈನಿಕನೆಂದರೆ ಬಂದೂಕು ಬಿಸುಟು ಓಡಿದವನು ಎಂಬ ಚಿತ್ರವೇ ಬಹುತೇಕರ ಮನಸ್ಸಿನಲ್ಲಿದೆ.

ಈ ಚಿತ್ರ ನಿಜವೇ? ಅಮೇರಿಕದ್ದೇ ಆದ ಬ್ರೌನ್ ವಿಶ್ವವಿದ್ಯಾನಿಲಯವು ಯುದ್ಧಗಳ ವೆಚ್ಚದ ಬಗ್ಗೆ ನಡೆಸುತ್ತಿರುವ ಅಧ್ಯಯನದ ಅಂದಾಜಿನಂತೆ, ಇಪ್ಪತ್ತು ವರ್ಷಗಳ ಆ ಯುದ್ಧದಲ್ಲಿ 66 ಸಾವಿರಕ್ಕೂ ಅಧಿಕ ಅಫಘಾನ್ ಸೈನಿಕರು ಮತ್ತು ಪೊಲೀಸರು ಹತರಾಗಿದ್ದಾರೆ. ಸತ್ತ ಅಮೇರಿಕನ್ ಸೈನಿಕರ ಸಂಖ್ಯೆ ಸುಮಾರು 2,400. 2014ರ ಸೆಪ್ಟೆಂಬರ್‌ನಲ್ಲಿ ತಾನು ಅಧಿಕಾರ ವಹಿಸಿಕೊಂಡ ಬಳಿಕ 45 ಸಾವಿರ ಮಂದಿ ಭದ್ರತಾ ಸಿಬ್ಬಂದಿ ಪ್ರಾಣ ತೆತ್ತಿದ್ದಾರೆಂದು ಅಧ್ಯಕ್ಷ ಅಶ್ರಫ್ ಗನಿ 2019ರ ಜನವರಿಯಲ್ಲಿ ದಾವೋಸ್‌ನಲ್ಲಿ ಹೇಳಿದ್ದರು. ನಾಲ್ಕು ವರ್ಷ ಚಿಲ್ಲರೆ ತಿಂಗಳಲ್ಲಿ 45 ಸಾವಿರ! ಹೋರಾಡುವ ಇಚ್ಛೆಯೇ ಇಲ್ಲದವರು ಈ ಪ್ರಮಾಣದಲ್ಲಿ ಸಾಯುವುದು ಹೇಗೆ?

ಇಲ್ಲಿ ನಮ್ಮ ನಡುವಿನ ಒಂದು ಧೋರಣೆಯ ಬಗ್ಗೆಯೂ ಹೇಳಬೇಕಾಗಿದೆ. ಆ ಆಗಸ್ಟ್‌ನಲ್ಲಿ ನಮ್ಮ ಅಂಗಡಿ ಜಗಲಿಗಳಲ್ಲಿ, ಮಸೀದಿಯ ಅಂಗಳಗಳಲ್ಲಿ ನಡೆದ ಮಾತುಕತೆಗಳನ್ನು ಜ್ಞಾಪಿಸಿಕೊಳ್ಳಿ. ಅಂತೂ ಅಮೇರಿಕ ಸೋತಿತಲ್ಲ ಎಂಬ ಸಮಾಧಾನ ಅನೇಕರದ್ದಾಗಿತ್ತು. ಜಗತ್ತಿನ ಅತಿ ಬಲಿಷ್ಠ ಸೇನೆಯೊಂದು ಅತಿ ಬಡರಾಷ್ಟ್ರವೊಂದರಿಂದ ಬರಿಗೈಯಲ್ಲಿ ಮರಳಿದ್ದು ಚರಿತ್ರೆಯ ಪಾಠವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ 66 ಸಾವಿರ ಮಂದಿಯ ಬಗ್ಗೆ ನಾವು ಒಂದು ಮಾತನ್ನಾದರೂ ಆಡಿದೆವೇ? ಅಮೇರಿಕದ ಸಂಬಳ ಪಡೆದವರು ಎಂಬ ಒಂದೇ ಪದದಲ್ಲಿ ಅವರನ್ನು ಮುಗಿಸಿಬಿಟ್ಟೆವು. ಬದಖ್ಶಾನ್‌ನಿಂದಲೋ ನಂಗರ್‌ಹಾರ್‌ನಿಂದಲೋ ಬಂದ, ಬೇರೆ ಕೂಲಿ ಸಿಗದ ನಾಡಿನಲ್ಲಿ ತಿಂಗಳ ಸಂಬಳಕ್ಕಾಗಿ ಸಮವಸ್ತ್ರ ಧರಿಸಿದ ಯುವಕ ಅವನು. ಅವನನ್ನು ಕೊಂದವನೂ ಅವನಂತೆಯೇ ಬಡವನ ಮಗ. ಎರಡೂ ಕಡೆಯ ತಾಯಂದಿರು ಒಂದೇ ರೀತಿಯ ಜನಾಝವನ್ನು ಕಳುಹಿಸಿಕೊಟ್ಟವರು. ಈ ಸೇನೆಯ ಕಥೆಯನ್ನು ಬೈಡನ್‌ರ ಕಣ್ಣಿನಿಂದಲೂ ನೋಡದೆ, ಜಯಘೋಷದ ಗದ್ದಲದಿಂದಲೂ ನೋಡದೆ, ಅದನ್ನು ಯಾರು ಯಾಕಾಗಿ ಕಟ್ಟಿದರು ಎಂಬಲ್ಲಿಂದ ನೋಡುವುದೇ ನ್ಯಾಯ.

2001ರ ಕೊನೆಯಲ್ಲಿ ತಾಲಿಬಾನ್ ಸರಕಾರ ಉರುಳಿದಾಗ ಅಫಘಾನಿಸ್ತಾನದಲ್ಲಿ ರಾಷ್ಟ್ರೀಯ ಸೇನೆ ಎಂಬುದೇ ಇರಲಿಲ್ಲ. 2002ರ ಡಿಸೆಂಬರ್‌ನಲ್ಲಿ ಜರ್ಮನಿಯ ಬಾನ್ ಬಳಿ ನಡೆದ ಸಮ್ಮೇಳನದಲ್ಲಿ 70 ಸಾವಿರ ಮಂದಿಯ ಸೇನೆ ಸಾಕೆಂದು ತೀರ್ಮಾನವಾಯಿತು. ಕೆಲಸವನ್ನು ದೇಶಗಳು ಹಂಚಿಕೊಂಡವು. ಸೇನೆ ಅಮೇರಿಕಕ್ಕೆ, ಪೊಲೀಸ್ ಜರ್ಮನಿಗೆ, ನ್ಯಾಯಾಂಗ ಇಟಲಿಗೆ. ಪೊಲೀಸನನ್ನು ಒಂದು ದೇಶವೂ ಅವನು ಹಿಡಿದು ತಂದವನನ್ನು ವಿಚಾರಿಸುವ ನ್ಯಾಯಾಧೀಶನನ್ನು ಇನ್ನೊಂದು ದೇಶವೂ ತಯಾರಿಸುವ ಈ ಏರ್ಪಾಡು ಕಾಗದದಲ್ಲಿ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ 2003ರ ಮಾರ್ಚ್ ಬಂತು. ಜಾರ್ಜ್ ಬುಶ್‌ರಿಗೆ ಇರಾಕ್ ಬೇಕಾಯಿತು. ದೇಶವು ತುಸು ಶಾಂತವಾಗಿದ್ದ, ಸೇನೆಯನ್ನು ನಿಧಾನವಾಗಿ ನೆಲದಿಂದ ಬೆಳೆಸಬಹುದಾಗಿದ್ದ ಆ ಅಮೂಲ್ಯ ವರ್ಷಗಳು ಹಾಗೆಯೇ ಕಳೆದುಹೋದವು.

ಅವಸರ ಆರಂಭವಾದದ್ದು 2009ರಲ್ಲಿ. ಆ ವರ್ಷದ ಡಿಸೆಂಬರ್ 1ರಂದು ಬರಾಕ್ ಒಬಾಮ ಒಂದೇ ಭಾಷಣದಲ್ಲಿ ಎರಡು ಘೋಷಣೆಗಳನ್ನು ಮಾಡಿದರು. ಹೆಚ್ಚುವರಿ 30 ಸಾವಿರ ಸೈನಿಕರನ್ನು ಕಳುಹಿಸುವುದು ಒಂದು, 2011ರ ಜುಲೈಯಿಂದ ಸೈನಿಕರನ್ನು ಹಿಂದಕ್ಕೆ ಕರೆಸತೊಡಗುವುದು ಇನ್ನೊಂದು. ಮರುವರ್ಷ ಲಿಸ್ಬನ್‌ನಲ್ಲಿ ಸೇರಿದ ನ್ಯಾಟೊ ರಾಷ್ಟ್ರಗಳು 2014ರ ಅಂತ್ಯಕ್ಕೆ ಭದ್ರತೆಯ ಸಂಪೂರ್ಣ ಹೊಣೆಯನ್ನು ಅಫಘಾನಿಯರಿಗೆ ವಹಿಸುವುದೆಂದು ತೀರ್ಮಾನಿಸಿದವು. ಅಲ್ಲಿಗೆ ದಿನಾಂಕ ಮೊದಲು ನಿಗದಿಯಾಯಿತು, ಸೇನೆ ಅನಂತರ. 70 ಸಾವಿರದ ಗುರಿ ಏರುತ್ತಾ ಏರುತ್ತಾ ಸೇನೆ ಮತ್ತು ಪೊಲೀಸ್ ಸೇರಿ 3 ಲಕ್ಷ 52 ಸಾವಿರಕ್ಕೆ ತಲುಪಿತು. ಈ ಸಂಖ್ಯೆಯನ್ನು ಮುಟ್ಟಿಸುವುದಕ್ಕಾಗಿ ಪೊಲೀಸರ ತರಬೇತಿಯನ್ನು ಎಂಟು ವಾರಗಳಿಂದ ಆರು ವಾರಗಳಿಗೆ ಇಳಿಸಲಾಯಿತು. ಸೇರಿದವರಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಮಂದಿಗೆ ಮಾತ್ರ ಓದು ಬರಹ ಗೊತ್ತಿತ್ತೆಂದು ತರಬೇತಿಯ ನೇತೃತ್ವ ವಹಿಸಿದ್ದ ಅಮೇರಿಕನ್ ಜನರಲ್ ವಿಲಿಯಂ ಕಾಲ್ಡ್‌ವೆಲ್‌ರೇ ಹೇಳಿದ್ದರು. ತನ್ನ ಬಂದೂಕಿನ ಮೇಲಿನ ಸಂಖ್ಯೆಯನ್ನು ಓದಲಾರದ, ತನಗೆ ಬರಬೇಕಾದ ಸಂಬಳದಲ್ಲಿ ಎಷ್ಟು ಮಾಯವಾಗಿದೆಯೆಂದು ಲೆಕ್ಕ ಹಾಕಲಾರದ ಯುವಕನ ಕೈಗೆ ಒಂದು ದೇಶದ ರಕ್ಷಣೆಯನ್ನು ಒಪ್ಪಿಸಲಾಗುತ್ತಿತ್ತು. ಮೂವತ್ತು ವರ್ಷಗಳ ಯುದ್ಧದಲ್ಲಿ ಶಾಲೆಯನ್ನೇ ಕಾಣದ ಒಂದು ತಲೆಮಾರಿನ ಅಕ್ಷರ ದಾರಿದ್ರ್ಯಕ್ಕೆ ಆರು ವಾರಗಳಲ್ಲಿ ಪರಿಹಾರವಿದೆಯೇ?

ಆ ಸೇನೆಗೆ ಏನೇನು ಕೊಡಲಾಯಿತು ಎಂಬುದನ್ನು ನೋಡಿದರೆ ಅದನ್ನು ಯಾರ ಅನುಕೂಲಕ್ಕಾಗಿ ಕಟ್ಟಲಾಯಿತೆಂಬುದು ಸ್ಪಷ್ಟವಾಗುತ್ತದೆ. ಪುನರ್ನಿರ್ಮಾಣದ ವೆಚ್ಚವನ್ನು ಪರಿಶೀಲಿಸಲು ಅಮೇರಿಕದ ಸಂಸತ್ತು 2008ರಲ್ಲಿ ವಿಶೇಷ ತಪಾಸಣಾಧಿಕಾರಿಯ ಕಚೇರಿಯೊಂದನ್ನು ಸ್ಥಾಪಿಸಿತ್ತು. ಅದರ ವರದಿಗಳು ಯಾವುದೇ ಅಮೇರಿಕ ವಿರೋಧಿ ಕರಪತ್ರಕ್ಕಿಂತ ಕಟುವಾಗಿವೆ. ಇಟಲಿಯಲ್ಲಿ ತಯಾರಾದ ಹಳೆಯ 20 ಸಾಗಾಟ ವಿಮಾನಗಳನ್ನು ಸುಮಾರು 50 ಕೋಟಿ ಡಾಲರ್ ಸುರಿದು ಅಫಘಾನ್ ವಾಯುಪಡೆಗೆ ಕೊಡಿಸಲಾಯಿತು. ಬಿಡಿಭಾಗಗಳಿಲ್ಲದೆ ಅವು ಹಾರುವುದಕ್ಕಿಂತ ಹೆಚ್ಚು ನಿಂತೇ ಇದ್ದವು. ಕೊನೆಗೆ 2014ರಲ್ಲಿ ಅವುಗಳ ಪೈಕಿ 16 ವಿಮಾನಗಳನ್ನು ಕಾಬೂಲಿನಲ್ಲಿ ಒಡೆದು ಗುಜರಿಗೆ ಮಾರಲಾಯಿತು. ಸಿಕ್ಕಿದ್ದು ಸುಮಾರು 32 ಸಾವಿರ ಡಾಲರ್. ಸಮವಸ್ತ್ರದ ಕಥೆ ಇನ್ನೂ ಸ್ವಾರಸ್ಯಕರ. ಅಫಘಾನಿಸ್ತಾನದ ನೆಲದಲ್ಲಿ ಕಾಡಿರುವುದು ನೂರಕ್ಕೆ ಎರಡರಷ್ಟು ಭಾಗದಲ್ಲಿ ಮಾತ್ರ. ಉಳಿದದ್ದು ಬೋಳುಗುಡ್ಡ, ಮರಳು, ಕಲ್ಲು. ಅಲ್ಲಿಯ ಸೈನಿಕರಿಗೆ ತೊಡಿಸಿದ್ದು ದಟ್ಟ ಕಾಡಿನಲ್ಲಿ ಅಡಗಿಕೊಳ್ಳಲು ತಕ್ಕುದಾದ ಹಸಿರು ಬಣ್ಣದ ಬಟ್ಟೆ. ಆ ವಿನ್ಯಾಸ ಖಾಸಗಿ ಕಂಪೆನಿಯೊಂದರ ಸ್ವತ್ತಾದ್ದರಿಂದ 2 ಕೋಟಿ 80 ಲಕ್ಷ ಡಾಲರ್‌ನಷ್ಟು ಹೆಚ್ಚಿನ ಹಣ ಪೋಲಾಗಿರಬಹುದೆಂದು 2017ರ ವರದಿ ಹೇಳಿತು. ಅದನ್ನು ಆಯ್ಕೆ ಮಾಡಿದ್ದು ಅಫಘಾನ್ ರಕ್ಷಣಾ ಸಚಿವರು; ಹಣ ಮಂಜೂರು ಮಾಡಿದ್ದು ಅಮೇರಿಕನ್ನರು. ಇಬ್ಬರಲ್ಲಿ ಯಾರೂ ಆ ಬಟ್ಟೆ ತೊಟ್ಟು ಬೋಳುಗುಡ್ಡದ ಮೇಲೆ ಕಾವಲು ನಿಲ್ಲಬೇಕಾದವರಲ್ಲ.

ಇವೆಲ್ಲ ಸಣ್ಣ ಸಂಗತಿಗಳೆಂದು ಬಿಡೋಣ. ದೊಡ್ಡ ತಪ್ಪು ಬೇರೆಡೆಯಲ್ಲಿತ್ತು. ಅಫಘಾನ್ ಪೈಲಟ್‌ಗಳಿಗೂ ಮೆಕ್ಯಾನಿಕ್‌ಗಳಿಗೂ ಸೋವಿಯತ್ ಕಾಲದಿಂದಲೇ ರಷ್ಯದ ಎಂಐ-17 ಹೆಲಿಕಾಪ್ಟರ್‌ಗಳು ಪರಿಚಿತವಾಗಿದ್ದವು. ಅವನ್ನು ಬಹುಮಟ್ಟಿಗೆ ಅವರೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ರಷ್ಯದೊಂದಿಗೆ ಅಮೇರಿಕದ ಸಂಬಂಧ ಕೆಟ್ಟ ಬಳಿಕ, 2017ರಿಂದ, ಅವುಗಳ ಜಾಗಕ್ಕೆ ಅಮೇರಿಕದ ಬ್ಲ್ಯಾಕ್ ಹಾಕ್‌ಗಳನ್ನು ತರಲಾಯಿತು. ಅವನ್ನು ಬಿಚ್ಚಿ ಜೋಡಿಸಲು ಬಲ್ಲವರು ಅಮೇರಿಕದ ಗುತ್ತಿಗೆ ಕಂಪೆನಿಗಳ ನೌಕರರು ಮಾತ್ರ. ಗುಡ್ಡದ ಮೇಲಿನ ಒಂಟಿ ಠಾಣೆಗಳಿಗೆ ಅನ್ನ, ಗುಂಡು, ನೀರು ತಲುಪಬೇಕಾದರೆ ಹೆಲಿಕಾಪ್ಟರ್ ಹಾರಬೇಕು. ಅದು ಹಾರಬೇಕಾದರೆ ಹೊರಗಿನವನು ಇರಬೇಕು. 2012ರಲ್ಲಿ ಷಿಕಾಗೋದಲ್ಲಿ ಸೇರಿದ ನ್ಯಾಟೊ ನಾಯಕರು 2014ರ ಬಳಿಕ ಈ ಪಡೆಗಳನ್ನು ಸಾಕಲು ವರ್ಷಕ್ಕೆ 410 ಕೋಟಿ ಡಾಲರ್ ಬೇಕೆಂದು ಲೆಕ್ಕ ಹಾಕಿದ್ದರು. ಅದರಲ್ಲಿ ಅಫಘಾನ್ ಸರಕಾರ ಆರಂಭದಲ್ಲಿ ಕೊಡಬಹುದಾಗಿದ್ದ ಪಾಲು 50 ಕೋಟಿ. ತನ್ನ ಸೇನೆಯ ಊಟದ ಖರ್ಚನ್ನೂ ಭರಿಸಲಾಗದ ದೇಶಕ್ಕೆ ಜಗತ್ತಿನ ಅತಿ ಶ್ರೀಮಂತ ದೇಶದ ಸೇನೆಯ ಅಚ್ಚಿನಲ್ಲಿ ಒಂದು ಸೇನೆಯನ್ನು ಎರಕಹೊಯ್ದು ಕೊಡಲಾಯಿತು. ಒಟ್ಟು ಖರ್ಚು ಸುಮಾರು 9 ಸಾವಿರ ಕೋಟಿ ಡಾಲರ್.

ಇದನ್ನೇ ಸೋವಿಯತ್ ರಷ್ಯದ ನಿರ್ಗಮನದೊಂದಿಗೆ ಹೋಲಿಸಿ ನೋಡಿ. 1989ರ ಫೆಬ್ರವರಿ 15ರಂದು ಕೊನೆಯ ಸೋವಿಯತ್ ಸೈನಿಕ ಅಮು ನದಿಯ ಸೇತುವೆ ದಾಟಿದಾಗ, ಡಾಕ್ಟರ್ ನಜೀಬುಲ್ಲಾರ ಸರಕಾರ ವಾರಗಳಲ್ಲಿ ಬೀಳುತ್ತದೆಂದು ಎಲ್ಲರೂ ಭವಿಷ್ಯ ನುಡಿದಿದ್ದರು. ಮುಂದಿನ ತಿಂಗಳೇ ಜಲಾಲಾಬಾದ್ ಮೇಲೆ ಮುಜಾಹಿದ್ ಗುಂಪುಗಳು ಮುಗಿಬಿದ್ದವು. ಆದರೆ ಅಫಘಾನ್ ಸೇನೆ ಒಂಟಿಯಾಗಿ ನಿಂತು ಅವರನ್ನು ಹಿಮ್ಮೆಟ್ಟಿಸಿತು. ನಜೀಬುಲ್ಲಾ ಮೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದರು. ಅವರ ಸೈನಿಕರಲ್ಲಿ ವಿಶೇಷ ಇಚ್ಛಾಶಕ್ತಿಯೇನಾದರೂ ಇತ್ತೇ? ಅವರೂ ಪರದೇಶದ ಹಣದಲ್ಲಿ ಸಾಕಲ್ಪಟ್ಟವರೇ, ಜನರ ಮೇಲೆ ಕ್ರೌರ್ಯ ಎಸಗಿದ ಸರಕಾರದ ಆಳುಗಳೇ. ವ್ಯತ್ಯಾಸವಿಷ್ಟೇ: ಅವರ ವಿಮಾನಗಳನ್ನು ಅವರೇ ಹಾರಿಸಬಲ್ಲವರಾಗಿದ್ದರು ಮತ್ತು ಮಾಸ್ಕೋದಿಂದ ತೈಲ, ಧಾನ್ಯ, ಆಯುಧ ಬರುತ್ತಲೇ ಇತ್ತು. 1991ರ ಕೊನೆಯಲ್ಲಿ ಸೋವಿಯತ್ ಒಕ್ಕೂಟವೇ ಕರಗಿತು, ಸರಬರಾಜು ನಿಂತಿತು. 1992ರ ಏಪ್ರಿಲ್‌ನಲ್ಲಿ ಕಾಬೂಲ್ ಬಿತ್ತು. ಇನ್ನೂ ಹಿಂದೆ ಹೋದರೆ, 1839ರಲ್ಲಿ ಬ್ರಿಟಿಷರು ಶಾ ಶುಜಾನನ್ನು ಕಾಬೂಲಿನ ಗದ್ದುಗೆಯಲ್ಲಿ ಕೂರಿಸಿ ಅವನ ಹೆಸರಿನಲ್ಲೊಂದು ಸೇನೆ ಕಟ್ಟಿದ್ದರು. ಅದರ ಸಿಪಾಯಿಗಳನ್ನು ಸೇರಿಸಿಕೊಂಡದ್ದು ನಮ್ಮ ಲೂಧಿಯಾನದಲ್ಲಿ. 1842ರ ಜನವರಿಯಲ್ಲಿ ಬ್ರಿಟಿಷರು ಕಾಬೂಲ್ ಬಿಟ್ಟರು, ಏಪ್ರಿಲ್‌ನಲ್ಲಿ ಶಾ ಶುಜಾನ ಕೊಲೆಯಾಯಿತು. ಸಾಮ್ರಾಜ್ಯಗಳು ಬದಲಾದರೂ ಲೆಕ್ಕ ಹೆಚ್ಚೇನೂ ಬದಲಾಗಿಲ್ಲ.

ಹಾಗೆಂದು ಎಲ್ಲ ಹೊಣೆಯನ್ನೂ ಅಮೇರಿಕದ ತಲೆಗೆ ಕಟ್ಟಿ ಅಫಘಾನ್ ನಾಯಕರನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯಲ್ಲ. ಸೇನೆಯ ಪಟ್ಟಿಯಲ್ಲಿ ಹೆಸರಿದ್ದು ನೆಲದ ಮೇಲೆ ಇಲ್ಲದ 'ಪ್ರೇತ ಸೈನಿಕ'ರನ್ನು ಸೃಷ್ಟಿಸಿದವರು ಅಫಘಾನ್ ಅಧಿಕಾರಿಗಳೇ. ಸತ್ತವನ ಹೆಸರು, ಓಡಿಹೋದವನ ಹೆಸರು, ಹುಟ್ಟಿಯೇ ಇರದವನ ಹೆಸರು. ಎಲ್ಲರ ಸಂಬಳವೂ ಅಧಿಕಾರಿಯ ಕಿಸೆಗೆ. ಇದನ್ನು ತಡೆಯಲು ಅಮೇರಿಕನ್ನರು ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಆಧರಿಸಿದ ವೇತನ ವ್ಯವಸ್ಥೆಯನ್ನು ತಂದರು. 2019ರಲ್ಲಿ ಲೆಕ್ಕವನ್ನು ಅದಕ್ಕೆ ಬದಲಿಸಿದಾಗ ಪಡೆಗಳ ಸಂಖ್ಯೆ ಒಮ್ಮೆಲೇ 40 ಸಾವಿರಕ್ಕೂ ಹೆಚ್ಚು ಕುಸಿಯಿತು. ಅಷ್ಟಾದರೂ ರೋಗ ವಾಸಿಯಾಗಲಿಲ್ಲ. ಬೈಡನ್ ಎಣಿಸಿದ ಆ ಮೂರು ಲಕ್ಷದಲ್ಲಿ ಬಹುಪಾಲು ಇರಲೇ ಇಲ್ಲವೆಂದು ಅಫಘಾನಿಸ್ತಾನದ ಮಾಜಿ ಹಣಕಾಸು ಸಚಿವ ಖಾಲಿದ್ ಪಾಯಿಂದಾ 2021ರ ನವೆಂಬರ್‌ನಲ್ಲಿ ಬಿಬಿಸಿಗೆ ತಿಳಿಸಿದರು. ಇರಾಕ್‌ನಲ್ಲೂ ನಡೆದದ್ದು ಇದೇ. 2003ರ ಮೇ ತಿಂಗಳಲ್ಲಿ ಪಾಲ್ ಬ್ರೆಮರ್ ಒಂದೇ ಆದೇಶದಿಂದ ಇರಾಕ್‌ನ ಇಡೀ ಸೇನೆಯನ್ನು ವಿಸರ್ಜಿಸಿ ಹೊಸದನ್ನು ಕಟ್ಟಿಸಿದರು. 2011ರ ಡಿಸೆಂಬರ್‌ನಲ್ಲಿ ಅಮೇರಿಕ ಹೊರನಡೆಯಿತು, 2014ರ ಜೂನ್‌ನಲ್ಲಿ ಮೋಸುಲ್ ಬಿತ್ತು. ಆ ವರ್ಷಾಂತ್ಯದಲ್ಲಿ ಪ್ರಧಾನಿ ಹೈದರ್ ಅಲ್ ಅಬಾದಿ ಪಟ್ಟಿ ತೆರೆದು ನೋಡಿದಾಗ 50 ಸಾವಿರ ಪ್ರೇತ ಸೈನಿಕರು ಸಿಕ್ಕಿದರು. ಹೊರಡುವವನಿಗೆ ಸಂಖ್ಯೆ ಬೇಕಿತ್ತು, ಉಳಿಯುವವನಿಗೆ ಸಂಬಳ. ಪ್ರೇತ ಸೈನಿಕರಿಂದ ಇಬ್ಬರ ಅಗತ್ಯವೂ ಪೂರೈಸುತ್ತಿತ್ತು.

ನಿಜವಾಗಿ ಇದ್ದ ಸೈನಿಕನ ಗತಿಯೇನಾಯಿತು? 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೇರಿಕ ತಾಲಿಬಾನ್‌ನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಕಾಬೂಲಿನ ಸರಕಾರ ಅದರಲ್ಲಿ ಕಕ್ಷಿಯೇ ಆಗಿರಲಿಲ್ಲ. ಆದರೆ ಆ ಸರಕಾರದ ಸೆರೆಮನೆಗಳಲ್ಲಿದ್ದ 5 ಸಾವಿರ ತಾಲಿಬಾನ್ ಕೈದಿಗಳ ಬಿಡುಗಡೆಯನ್ನು ಒಪ್ಪಂದದಲ್ಲಿ ಬರೆಯಲಾಗಿತ್ತು. 2019ರಲ್ಲಿ ಏಳು ಸಾವಿರಕ್ಕೂ ಅಧಿಕ ಬಾಂಬುಗಳನ್ನು ಸುರಿಸಿದ್ದ ಅಮೇರಿಕನ್ ವಿಮಾನಗಳು ಬಹುಮಟ್ಟಿಗೆ ಮೌನವಾದವು. ಯಾವ ಗ್ರಾಮಸ್ಥರ ಮೇಲೆ ಆ ಬಾಂಬುಗಳು ಬೀಳುತ್ತಿದ್ದವೋ ಅವರಿಗೆ ಅದು ನೆಮ್ಮದಿಯೇ. ಆದರೆ ಅವೇ ವಿಮಾನಗಳನ್ನು ನಂಬಿ ಹೋರಾಡಲು ಕಲಿಸಲ್ಪಟ್ಟ ಸೈನಿಕನಿಗೆ, ನಮ್ಮನ್ನು ಮಾರಿಬಿಟ್ಟಿದ್ದಾರೆ ಎಂಬ ಸಂದೇಶ ಅದರಲ್ಲಿತ್ತು. 2021ರ ಜುಲೈ ಆರಂಭದ ಒಂದು ರಾತ್ರಿ ಅಮೇರಿಕನ್ನರು ಬಗ್ರಾಮ್ ನೆಲೆಯಿಂದ ಹೊರಟುಹೋದರು. ಅದು ಇಪ್ಪತ್ತು ವರ್ಷಗಳ ಅವರ ಯುದ್ಧದ ಕೇಂದ್ರ. ಅವರು ಹೋದದ್ದು ಗೊತ್ತಾದದ್ದು ಗಂಟೆಗಳ ಬಳಿಕವೆಂದು ನೆಲೆಯ ಹೊಸ ಅಫಘಾನ್ ಕಮಾಂಡರ್ ಪತ್ರಕರ್ತರಿಗೆ ಹೇಳಿದರು. ಅಷ್ಟರಲ್ಲಿ ದೀಪಗಳು ಆರಿದ್ದವು, ಲೂಟಿಕೋರರು ಒಳಹೊಕ್ಕಿದ್ದರು. ಗುತ್ತಿಗೆ ಕಂಪೆನಿಗಳ ಸಾವಿರಾರು ನೌಕರರೂ ಹೊರಟರು, ಹೆಲಿಕಾಪ್ಟರ್‌ಗಳು ಒಂದೊಂದಾಗಿ ಕುಳಿತವು. ಕಂದಹಾರ್‌ನ ಮುಂಚೂಣಿಯಲ್ಲಿದ್ದ ಪೊಲೀಸರ ಇಡೀ ತುಕಡಿಗೆ ಒಂದು ದಿನದ ಆಹಾರವೆಂದು ಬಂದದ್ದು ಒಂದು ಪೆಟ್ಟಿಗೆ ಆಲೂಗಡ್ಡೆ.

ಜೂನ್ 16ರಂದು ಫಾರ್ಯಾಬ್ ಪ್ರಾಂತದ ದೌಲತಾಬಾದ್‌ನಲ್ಲಿ ಇಪ್ಪತ್ತೆರಡು ಕಮಾಂಡೊಗಳು ಹತರಾದರು. ವಾಯುಪಡೆಯ ನೆರವು ಅವರಿಗೆ ತಲುಪಲೇ ಇಲ್ಲ. ಅವರನ್ನು ಮುನ್ನಡೆಸಿದ್ದ ಮೇಜರ್ ಸೊಹ್ರಾಬ್ ಅಝೀಮಿ ದೇಶದಾದ್ಯಂತ ಹೆಸರಾಗಿದ್ದ ಯುವ ಅಧಿಕಾರಿ. ಕೈಯೆತ್ತಿ ಬಂದವರ ಮೇಲೂ ಗುಂಡು ಹಾರಿಸಿದ ದೃಶ್ಯಗಳನ್ನು ಬಳಿಕ ಜಗತ್ತು ನೋಡಿತು. ತಾಲಿಬಾನ್ ಅದನ್ನು ನಿರಾಕರಿಸಿತು. ಅದಾದ ತಿಂಗಳಿಗೆ ಸರಿಯಾಗಿ, ಜುಲೈ 16ರಂದು, ಸ್ಪಿನ್ ಬೋಲ್ದಕ್‌ನಲ್ಲಿ ಅಫಘಾನ್ ವಿಶೇಷ ಪಡೆಯೊಂದಿಗಿದ್ದ ನಮ್ಮ ದೇಶದ ಛಾಯಾಗ್ರಾಹಕ, ಜಾಮಿಯಾ ಮಿಲ್ಲಿಯಾದ ಹಳೆ ವಿದ್ಯಾರ್ಥಿ ದಾನಿಶ್ ಸಿದ್ದೀಕಿ ಕೊಲ್ಲಲ್ಪಟ್ಟರು. ಆಗಸ್ಟ್ 6ರಂದು ಝರಂಜ್ ಬಿತ್ತು. ಅಲ್ಲಿಂದ ಕಾಬೂಲಿಗೆ ಹತ್ತು ದಿನವೂ ಬೇಕಾಗಲಿಲ್ಲ. ಸೇನೆ ಕುಸಿಯಲು ಎಲ್ಲಕ್ಕಿಂತ ಮುಖ್ಯ ಕಾರಣ ಅಮೇರಿಕವು ತನ್ನ ಸೈನಿಕರನ್ನೂ ಗುತ್ತಿಗೆ ನೌಕರರನ್ನೂ ಹಿಂದೆಗೆದುಕೊಂಡದ್ದೇ ಎಂದು ಆ ತಪಾಸಣಾ ಕಚೇರಿಯೇ 2022ರ ಮೇ ವರದಿಯಲ್ಲಿ ಬರೆಯಿತು. ಬೈಡನ್‌ರ ಭಾಷಣ ತಲುಪಿದಷ್ಟು ಮನೆಗಳಿಗೆ ಆ ವರದಿ ತಲುಪಲಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ದೇಶದಲ್ಲೂ ಇದೆ. ಕಾಬೂಲ್ ಬಿದ್ದಾಗ ಡೆಹ್ರಾಡೂನ್ ಮತ್ತು ಚೆನ್ನೈಗಳ ಸೇನಾ ಅಕಾಡೆಮಿಗಳಲ್ಲಿ ಅಫಘಾನ್ ಕೆಡೆಟ್‌ಗಳು ತರಬೇತಿ ಪಡೆಯುತ್ತಿದ್ದರು. ಅವರ ತರಬೇತಿ ಮುಗಿಯಿತು, ಆದರೆ ಸೇರಲು ಸೇನೆ ಇರಲಿಲ್ಲ, ಮರಳಲು ಧೈರ್ಯವಿರಲಿಲ್ಲ. 2022ರ ಫೆಬ್ರವರಿಯಲ್ಲಿ ಅವರಲ್ಲಿ 80 ಮಂದಿಗೆ ಭಾರತ ಸರಕಾರ ಒಂದು ವರ್ಷದ ಇಂಗ್ಲಿಷ್ ಸಂವಹನ ಕೋರ್ಸನ್ನು ಕೊಟ್ಟು ಉಳಿಸಿಕೊಂಡಿತು. ಫಿರಂಗಿಯ ಲೆಕ್ಕಾಚಾರ ಕಲಿತವರು ಕಚೇರಿ ಪತ್ರ ಬರೆಯುವುದನ್ನು ಕಲಿಯಲು ಕುಳಿತರು. ಅವರಾದರೂ ಅದೃಷ್ಟವಂತರು.

ಅಧಿಕಾರ ಹಿಡಿದ ಎರಡನೆಯ ದಿನವೇ ತಾಲಿಬಾನ್ ಎಲ್ಲರಿಗೂ ಕ್ಷಮಾದಾನ ಘೋಷಿಸಿತ್ತು. ಮಕ್ಕಾ ವಿಜಯದ ದಿನ ಪ್ರವಾದಿ(ಸ) ತಮ್ಮ ಕಡುಶತ್ರುಗಳಿಗೆ ನೀಡಿದ ಕ್ಷಮೆಯನ್ನು ಬಲ್ಲ ಯಾರಿಗಾದರೂ ಆ ಘೋಷಣೆ ಭರವಸೆ ಹುಟ್ಟಿಸಬೇಕಿತ್ತು. ಆದರೆ ಆ ಮಾದರಿಯಲ್ಲಿ ಮಾತು ಮತ್ತು ಕೃತಿಯ ಮಧ್ಯೆ ಅಂತರವಿರಲಿಲ್ಲ. ಇಲ್ಲಿ ಮೂರು ತಿಂಗಳಲ್ಲಿ ನಾಲ್ಕು ಪ್ರಾಂತಗಳಲ್ಲೇ ನೂರಕ್ಕೂ ಅಧಿಕ ಮಾಜಿ ಸೈನಿಕರು ಮತ್ತು ಪೊಲೀಸರು ಕೊಲ್ಲಲ್ಪಟ್ಟರು ಇಲ್ಲವೇ ಕಣ್ಮರೆಯಾದರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿತು. 2023ರ ಆಗಸ್ಟ್‌ನ ವಿಶ್ವಸಂಸ್ಥೆಯ ವರದಿಯಲ್ಲಿ ಮಾಜಿ ಸರಕಾರಿ ನೌಕರರು ಮತ್ತು ಭದ್ರತಾ ಸಿಬ್ಬಂದಿಯ ಕನಿಷ್ಠ 218 ಕಾನೂನುಬಾಹಿರ ಹತ್ಯೆಗಳ ಉಲ್ಲೇಖವಿದೆ. ಅಮೇರಿಕದ ಅನ್ಯಾಯವನ್ನು ಎತ್ತಿ ಹೇಳುವ ನಾಲಗೆ ಈ ಅನ್ಯಾಯದ ಮುಂದೆ ತಡವರಿಸಬಾರದು.

ಇನ್ನು, ಸ್ನೇಹಿತರೆನಿಸಿಕೊಂಡವರು ಮಾಡಿದ್ದೇನು? ಬ್ರಿಟಿಷ್ ಪಡೆಗಳೊಂದಿಗೆ ದುಡಿದು, ಪ್ರಾಣಭಯದಿಂದ ಬ್ರಿಟನ್‌ಗೆ ಬರಲು ಅರ್ಜಿ ಹಾಕಿದ್ದ ಸುಮಾರು 19 ಸಾವಿರ ಅಫಘಾನಿಯರ ಪಟ್ಟಿ 2022ರ ಫೆಬ್ರವರಿಯಲ್ಲಿ ಅಲ್ಲಿನ ರಕ್ಷಣಾ ಇಲಾಖೆಯಿಂದಲೇ ಸೋರಿಹೋಯಿತು. ನ್ಯಾಯಾಲಯದ ಆದೇಶದ ಮರೆಯಲ್ಲಿ ಅದನ್ನು ಮುಚ್ಚಿಡಲಾಯಿತು. ಹೊರಬಂದದ್ದು 2025ರ ಜುಲೈನಲ್ಲಿ. ಅದೇ ವರ್ಷ ಇರಾನ್ ಮತ್ತು ಪಾಕಿಸ್ತಾನಗಳು ಲಕ್ಷಾಂತರ ಅಫಘಾನಿಯರನ್ನು ಗಡಿಯಾಚೆ ಕಳುಹಿಸಿದವು. ಹೆಸರು ಬದಲಿಸಿಕೊಂಡು ಟೆಹರಾನ್‌ನ ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದ ಮಾಜಿ ಸೈನಿಕನಿಗೂ ಬಸ್ಸು ಹತ್ತದೆ ವಿಧಿಯಿರಲಿಲ್ಲ. ಅವನಿಗೆ ಭಯವಿರುವುದು ಹೆಸರಿನ ಬಗ್ಗೆಯಲ್ಲ, ಬೆರಳಿನ ಬಗ್ಗೆ. ಪ್ರೇತಗಳನ್ನು ಹಿಡಿಯಲೆಂದು ಅಮೇರಿಕನ್ನರು ತಂದ ಆ ವೇತನ ವ್ಯವಸ್ಥೆಯೂ ತಾಲಿಬಾನ್‌ನ ಕೈಸೇರಿದ ದಾಖಲೆಗಳಲ್ಲಿ ಒಂದೆಂದು 2022ರಲ್ಲೇ ವರದಿಯಾಗಿತ್ತು. ಹೊರಟವರು ಅದನ್ನು ಅಳಿಸಿ ಹೋಗಿರಲಿಲ್ಲ. ಅದರಲ್ಲಿ ಇಲ್ಲದವರ ಹೆಸರುಗಳೂ ಇರಬಹುದು. ಆದರೆ ಅವನ ಬೆರಳಚ್ಚು ಮಾತ್ರ ಅವನದ್ದೇ.